ಹದಿನೆಂಟು ವೋಲ್ಟ್

ಬೆಂಡಿಗೊ ಊರಿನ ಸೈಟುಗಳಲ್ಲಿ
ನಿನ್ನ ಹೆಸರು ಆಮೇಲೆ. ಮೊದಲು
ನಿನ್ನ ಡ್ರಿಲ್ಲಿನ ಬಣ್ಣ.

ನಾನು ನೀಲಿಯವನು, ಹನ್ನೊಂದು ವರ್ಷದಿಂದ.
ಟ್ರೆವರ್ ಪ್ಯಾಸ್ಕೊ ಹಳದಿ, ಅವನಪ್ಪನೂ ಹಳದಿ.
ಪ್ಲಂಬರ್ ಡೀಡ್ರಾ ಕೆಂಪು ಬಿಟ್ಟು ಬೇರೆ ಮುಟ್ಟಿದವಳಲ್ಲ.
ಚಹಾದ ಹೊತ್ತಿಗೆ ಮೂವರೂ ಚಾರ್ಜರುಗಳನ್ನು
ಒಂದೇ ಸಾಕೆಟ್ಟಿನ ಸುತ್ತ ಕೂರಿಸಿ
ಪಂಕ್ತಿಭೇದ ಮಾಡುತ್ತಿದ್ದೆವು.

ಆರಿಸಿಕೊಂಡೆ ಅಂತಲೂ ಹೇಳಲಾರೆ.
ಬಂದ ಹೊಸತರಲ್ಲಿ, ಅಂಗಡಿಯಲ್ಲಿ,
ಡ್ರಿಲ್ಲಿನ ಜೊತೆ ಎರಡು ಬ್ಯಾಟರಿ ಪುಕ್ಕಟೆ ಅಂದರು.
ಪುಕ್ಕಟೆಯಾದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ.
ಬ್ಯಾಟರಿ ಇದೆಯಲ್ಲ ಅಂತ ಗರಗಸ,
ಗರಗಸ ಇದೆಯಲ್ಲ ಅಂತ ಗ್ರೈಂಡರ್,
ಕೊನೆಗೆ ಎಲೆ ಊದುವ ಯಂತ್ರವೂ ಬಂತು,
ಅಂಗಳದಲ್ಲಿ ಒಂದೂ ಮರವಿಲ್ಲದವನ ಮನೆಗೆ.
ಬೀಗರು ಬೆಳೆಯುವುದೂ ಹೀಗೇ.

ಆದರೆ ದುಡಿಯಿತು. ಸುಳ್ಳು ಹೇಳಬಾರದು.
ಈಗಲ್‌ಹಾಕ್‌ನಲ್ಲಿ ಒಂದು ಮಾಡಿನಿಂದ ಜಾರಿ
ಕಾಂಕ್ರೀಟಿಗೆ ಬಿದ್ದು, ಚಕ್ಕೆಯೆದ್ದು,
ಎತ್ತಿ ಒತ್ತಿದರೆ ಗುರ್ ಅಂದಿತು.
ನಲವತ್ತನಾಲ್ಕು ಡಿಗ್ರಿಯ ಜನವರಿಯಲ್ಲಿ
ನಾನು ನೆರಳು ಹುಡುಕಿದೆ, ಅದು ಹುಡುಕಲಿಲ್ಲ.
ನೀರು ಬಿದ್ದರೆ ರಕ್ತದ ಹಾಗೆ ಬಣ್ಣ ಬಿಡುವ
ಮರ್ಬಾವು ಹಲಗೆಗಳಿಗೆ
ಒಂದೇ ದಿನ ಒಂಬೈನೂರು ಸ್ಕ್ರೂ.

ಬಡಿಗೇರರ ಮನೆಯವನು ನಾನು. ನಮ್ಮಜ್ಜನ ಉಳಿಗೆ
ಬೇಕಿದ್ದದ್ದು ಒಂದು ಸಾಣೆಕಲ್ಲು, ಒಂದಿಷ್ಟು ನೀರು.
ಅದನ್ನು ಬಡಿದ ಕಮ್ಮಾರ
ಸತ್ತು ಎಷ್ಟು ವರ್ಷವಾಗಿತ್ತೋ,
ಉಳಿಗೆ ಗೊತ್ತಿರಲಿಲ್ಲ.

ಮೊನ್ನೆ ನನ್ನ ಕೊನೆಯ ಬ್ಯಾಟರಿಯ ದೀಪ ಹತ್ತಲಿಲ್ಲ.
ಅಂಗಡಿಯ ಹುಡುಗ, ಮೀಸೆ ಇನ್ನೂ ಬರಬೇಕಾದವನು,
'ಆ ಕಾಲಿನದು ಈಗ ಮಾಡುವುದಿಲ್ಲ' ಅಂದ.
ಕಂಪನಿ ಅದೇ, ನೀಲಿ ಅದೇ, ಹದಿನೆಂಟು ವೋಲ್ಟ್ ಅದೇ,
ನನ್ನ ಡ್ರಿಲ್ಲಿನ ಬುಡಕ್ಕೆ ಮಾತ್ರ ಕೂರುವುದಿಲ್ಲ.
ಗಟ್ಟಿಮುಟ್ಟಾದ ಏಳು ಯಂತ್ರ, ಒಂದಕ್ಕೂ ಉಸಿರಿಲ್ಲ.
ಕಟ್ಟಿಕೊಂಡವಳು ಕಡೆತನಕ ಅನ್ನುತ್ತಾರಲ್ಲ,
ಇಲ್ಲಿ ಕಟ್ಟಿಕೊಂಡವನು ನಾನೊಬ್ಬನೇ.
ಆ ಕಡೆಯವರಿಗೆ ಮದುವೆಯಾದ ನೆನಪೇ ಇಲ್ಲ.

ಟ್ರೆವರ್ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ.
ಮಾರ್ಚಿನಲ್ಲಿ ಹೋದ. ನಲವತ್ತು ವರ್ಷ ಏಣಿ ಹತ್ತಿದವನು
ಹಾಸಿಗೆಯಲ್ಲಿ, ನಿದ್ದೆಯಲ್ಲಿ.
ಜೂನ್ ಚಳಿಯ ಒಂದು ಶನಿವಾರ ಅವನ ಹೆಂಡತಿ ಲೊರೇನ್
ಗ್ಯಾರೇಜಿನ ಬಾಗಿಲೆತ್ತಿ ಸಾಮಾನು ಮಾರಲು ಕೂತಳು.
ಹಳದಿಯ ಮೇಲೆ ಹಳದಿ. ಒಂದೊಂದರ ಮೇಲೂ
ಮಾರ್ಕರಿನಲ್ಲಿ ಟಿ.ಪಿ.
'ನೀನು ಇವನ್ನು ಮುಟ್ಟುವವನಲ್ಲವಲ್ಲ' ಅಂದಳು.

ಒಂದು ಬ್ಯಾಟರಿಯ ಗುಂಡಿ ಒತ್ತಿದೆ.
ನಾಲ್ಕರಲ್ಲಿ ಎರಡು ದೀಪ.
ಚಾರ್ಜಿಗೆ ಹಾಕಿದವನು ಅವನೇ ಇರಬೇಕು.
ಅವು ಆರುವತನಕ ಇಬ್ಬರೂ ನೋಡಿದೆವು.
'ಮತ್ತೆ ಒತ್ತಬೇಡ,' ಅಂದಳು, 'ಖರ್ಚಾದೀತು.'
ಎಷ್ಟು ಕೊಡಲಿ ಅಂದೆ.
ದುಡ್ಡು ಬೇಡ, ಹಿಂದಿನ ಗೇಟು ನೋಡು ಅಂದಳು.

ಅಡಾಪ್ಟರ್ ತರಿಸಿದೆ. ಹೆಸರಿಲ್ಲದ ಕಂಪನಿ,
ಇಪ್ಪತ್ತೆರಡು ಡಾಲರ್.
ಮೇಲೆ ನನ್ನ ನೀಲಿ, ಕೆಳಗೆ ಅವನ ಹಳದಿ,
ನಡುವೆ ಕರಿ ಪ್ಲಾಸ್ಟಿಕ್ಕಿನ ದಲ್ಲಾಳಿ.
ಡೀಡ್ರಾ ಮುಖ ತಿರುಗಿಸಿದಳು,
ಓಡಿಹೋಗಿ ಮದುವೆಯಾದವರನ್ನು ಕಂಡ ನೆಂಟರ ಹಾಗೆ.
ವಾರಂಟಿ ಇಲ್ಲ. ಎರಡಕ್ಕೂ ಇಲ್ಲ.

ಆ ಗೇಟನ್ನು ಟ್ರೆವರ್ ಎರಡು ವರ್ಷದಿಂದ
'ಮುಂದಿನ ವಾರ' ಅನ್ನುತ್ತಿದ್ದ.
ರೆಡ್ ಗಮ್ ಕಂಬ, ಕಬ್ಬಿಣಕ್ಕೆ ಬುದ್ಧಿ ಹೇಳುವ ಮರ.
ಮೂರು ಕೀಲು, ಹನ್ನೆರಡು ಉದ್ದನೆಯ ಸ್ಕ್ರೂ.
ಹನ್ನೊಂದಕ್ಕೆ ಬರುವಾಗ
ಒಂದೇ ದೀಪ, ಅದೂ ಮಿನುಗುತ್ತಿತ್ತು.

ಡ್ರಿಲ್ಲನ್ನು ಹುಲ್ಲಿನ ಮೇಲಿಟ್ಟು
ಹನ್ನೆರಡನೆಯದನ್ನು
ಕೈಯಿಂದ ತಿರುಗಿಸಿದೆ.